ದವನದ ಬೆಳೆ ಮತ್ತು ಗೊಬ್ಬರದ ಚೀಲ: ಒಂದು ಹಿನ್ನೋಟ

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ದವನ ಬೆಳೆಗಾರರಾದ ನಾವು ಕೆಲವರು ಸೇರಿ ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಏನು ಬರೆಯುವುದು ಎಂದು ಕೂತು ಮಾತಾಡಿದಾಗ ಎಲ್ಲರ ಬಾಯಲ್ಲೂ ಒಂದೇ ವಿಷಯ ಬಂತು. ಸಂಘದ ಗೋದಾಮಿನಲ್ಲಿ ಗೋಡೆಯವರೆಗೂ ಪೇರಿಸಿದ ಯೂರಿಯಾ ಚೀಲ. ಅದೇ ಗೋದಾಮಿನ ಮುಂದಿನ ಜಗಲಿಯ ಮೇಲೆ, ಶಿವರಾತ್ರಿ ಕಳೆಯುವ ಹೊತ್ತಿಗೆ ಬಂದು ಬೀಳುವ ದವನದ ಕಟ್ಟು. ಈ ಎರಡಕ್ಕೂ ಇರುವ ಸಂಬಂಧ ಏನು? ಗೊಬ್ಬರ ಹಾಕಿದರೆ ಘಮ ಹೆಚ್ಚುತ್ತೋ, ಕಡಿಮೆಯಾಗುತ್ತೋ? ಈ ಪ್ರಶ್ನೆಯ ಮೇಲೆ ನಮ್ಮ ಮಹಾಸಭೆಗಳಲ್ಲಿ ಎಷ್ಟು ಸಲ ಕೂಗಾಟ ಆಗಿದೆ ಎಂಬುದು ಹಳೆಯ ಸದಸ್ಯರಿಗೆಲ್ಲ ಗೊತ್ತು. ಆದ್ದರಿಂದ ಆ ಪ್ರಶ್ನೆಯ ಚರಿತ್ರೆಯನ್ನೇ ತಿಳಿದಮಟ್ಟಿಗೆ ಬರೆದಿಡೋಣ ಎಂದು ಹೊರಟಿದ್ದೇವೆ.

ಹಳೆಯ ಗ್ರಂಥಗಳಲ್ಲಿ

ಗಿಡಕ್ಕೆ ಗೊಬ್ಬರ ಹಾಕುವ ವಿದ್ಯೆ ಮತ್ತು ಗಿಡದಿಂದ ಪರಿಮಳ ತೆಗೆಯುವ ವಿದ್ಯೆ, ಇವೆರಡೂ ನಮ್ಮ ದೇಶದಲ್ಲಿ ಬಹಳ ಹಳೆಯವು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯ, ಗಂಧಯುಕ್ತಿಗೆ ಇನ್ನೊಂದು ಅಧ್ಯಾಯ ಇದೆ. ನಮ್ಮ ಕನ್ನಡದಲ್ಲೇ, ಸುಮಾರು ಕ್ರಿ.ಶ. 1025ರಲ್ಲಿ, ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲೂ ಈ ಎರಡು ವಿಷಯಗಳು ಒಂದೇ ಹೊದಿಕೆಯೊಳಗೆ ಬಂದಿವೆ. ಅದರ ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಪೈಕಿ ಗಂಧಭೋಗಕ್ಕೂ ಒಂದು ಸ್ಥಾನ ಸಿಕ್ಕಿದೆ.

ಆದರೆ ನಮ್ಮ ಅಜ್ಜಂದಿರು ಗ್ರಂಥ ನೋಡಿ ದವನ ಬೆಳೆದವರಲ್ಲ. ಚೈತ್ರಮಾಸದ ದವನದ ಹುಣ್ಣಿಮೆಗೆ ದೇವರಿಗೆ ಏರಿಸಬೇಕು, ಹೆಣ್ಣುಮಕ್ಕಳ ಜಡೆಗೆ, ಹೂವಿನ ಮಾಲೆಗೆ ನಾಲ್ಕು ಎಳೆ ಬೇಕು, ಬಟ್ಟೆಯ ಪೆಟ್ಟಿಗೆಯಲ್ಲಿ ಒಂದು ಹಿಡಿ ಇಡಬೇಕು. ಅದಕ್ಕಾಗಿ ಬಾವಿಯ ಮಗ್ಗುಲಲ್ಲಿ ಎರಡು ಮಡಿ. ಅದಕ್ಕೆ ಬೀಳುತ್ತಿದ್ದುದು ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ಬೇಸಿಗೆಯಲ್ಲಿ ಹೊಡೆದ ಕೆರೆ ಗೋಡು. ಹೊಲದಲ್ಲಿ ಕುರಿ ಮಂದೆ ಬಿಡಿಸಿದ ವರ್ಷ ಅದರದೂ ಒಂದು ಪಾಲು. ಆ ದವನದ ವಾಸನೆ ಮನೆಯ ಹಟ್ಟಿಗೆಲ್ಲ ಬರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಹಳೆಯ ಕಾಲದ ವಾಸನೆ ಎಲ್ಲರಿಗೂ ಜಾಸ್ತಿಯೇ ಅನ್ನಿ. ಆದರೂ ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ ಎಂಬುದು ಮುಂದೆ ತಿಳಿಯುತ್ತದೆ.

ಸರ್ಕಾರಿ ಗೊಬ್ಬರ ಬಂದ ದಾರಿ

ನಮ್ಮ ಕಡೆ ಈಗಲೂ ವಯಸ್ಸಾದವರು ರಾಸಾಯನಿಕ ಗೊಬ್ಬರಕ್ಕೆ ‘ಸರ್ಕಾರಿ ಗೊಬ್ಬರ’ ಅಂತಲೇ ಹೇಳುವುದು. ಅದು ಹುಟ್ಟಿದ್ದು ಯೂರೋಪಿನಲ್ಲಿ. 1840ರಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನ ಶಾಸ್ತ್ರಜ್ಞ, ಗಿಡ ಬೆಳೆಯುವುದು ಖನಿಜ ಲವಣಗಳಿಂದ ಎಂದು ಪುಸ್ತಕ ಬರೆದ. ಯಾವ ಪೋಷಕಾಂಶ ಎಲ್ಲಕ್ಕಿಂತ ಕಡಿಮೆ ಇದೆಯೋ ಅದೇ ಇಳುವರಿಗೆ ಮಿತಿ ಹಾಕುತ್ತದೆ ಎಂಬ ನಿಯಮ ಅವನ ಹೆಸರಿನಿಂದ ಪ್ರಸಿದ್ಧವಾಯಿತು. ಆದರೆ ಸಾರಜನಕ ಗಾಳಿಯಿಂದಲೇ ಸಾಕಷ್ಟು ಸಿಗುತ್ತದೆ ಎಂದು ಅವನು ಎಣಿಸಿದ್ದು ತಪ್ಪಾಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಲಾಸ್ ಮತ್ತು ಗಿಲ್ಬರ್ಟ್ ನಡೆಸಿದ ಪ್ರಯೋಗಗಳು, ಗೋಧಿಗೆ ಸಾರಜನಕ ಹಾಕಲೇಬೇಕು ಎಂದು ತೋರಿಸಿದವು. 1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದಲೇ ಅಮೋನಿಯಾ ತಯಾರಿಸಿ ತೋರಿಸಿದ. 1913ರಲ್ಲಿ ಕಾರ್ಲ್ ಬಾಷ್‌ನ ಪ್ರಯತ್ನದಿಂದ ಜರ್ಮನಿಯ ಓಪಾವ್‌ನಲ್ಲಿ ಅದರ ಕಾರ್ಖಾನೆ ನಡೆಯಿತು. ಇಂದು ನಾವು ಎರಚುವ ಯೂರಿಯಾದ ಮೂಲ ಅಲ್ಲಿದೆ.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ ಹೆಬ್ಬಾಳದ 30 ಎಕರೆ ಜಮೀನಿನಲ್ಲಿ ಡಾ. ಲೆಹ್ಮನ್ ಅವರ ಕೈಕೆಳಗೆ ಕೃಷಿ ಪ್ರಯೋಗ ಕ್ಷೇತ್ರ ಪ್ರಾರಂಭವಾಯಿತು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಬೇರು ಅದೇ. 1906ರಲ್ಲಿ ಮದರಾಸಿನ ಕಡೆಯ ರಾಣಿಪೇಟೆಯಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆ ಶುರುವಾಯಿತು. ಸ್ವಾತಂತ್ರ್ಯಕ್ಕೆ ಮೊದಲೇ ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ಕಾರ್ಖಾನೆ ಇತ್ತು. 1951ರಲ್ಲಿ ಬಿಹಾರದ (ಈಗ ಜಾರ್ಖಂಡ್) ಸಿಂದ್ರಿ, 1976ರಲ್ಲಿ ನಮ್ಮ ಮಂಗಳೂರು. ಹೀಗೆ ಕಾರ್ಖಾನೆಗಳು ಹೆಚ್ಚಿದವು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಹಳ್ಳಿಹಳ್ಳಿಗೂ ಹಬ್ಬಿದ ಮೇಲೆ, ಸಾಲದ ಜೊತೆಗೆ ಗೊಬ್ಬರದ ಚೀಲವೂ ಸಂಘಗಳ ಮೂಲಕವೇ ರೈತರ ಮನೆಗೆ ಬಂತು.

ಮೊದಲು ಉಪಕಾರ ಆದದ್ದು ರಾಗಿಗೆ. ಹೊಸ ತಳಿಯ ರಾಗಿಗೆ ಹದವಾಗಿ ಗೊಬ್ಬರ ಕೊಟ್ಟಾಗ ಕಣದಲ್ಲಿ ರಾಶಿ ಎದ್ದು ನಿಂತಿತು. ಹೊಟ್ಟೆಗಿಲ್ಲದ ದಿನ ಕಂಡವರು ಆ ಉಪಕಾರ ಮರೆಯಬಾರದು, ನಾವೂ ಮರೆತಿಲ್ಲ. ಆದರೆ ರಾಗಿಯಲ್ಲಿ ಕಲಿತ ಪಾಠವನ್ನು ಹಾಗೆಹಾಗೆಯೇ ದವನಕ್ಕೂ ಹಚ್ಚಿದೆವಲ್ಲ, ತಪ್ಪು ನಡೆದದ್ದು ಅಲ್ಲಿ.

ಪರಿಮಳ ಬೆಳೆಯಾಗಿ ಬದಲಾದದ್ದು

ನಮ್ಮ ರಾಜ್ಯಕ್ಕೆ ಸುಗಂಧ ತೈಲದ ಉದ್ಯಮ ಹೊಸದಲ್ಲ. ಮೊದಲನೇ ಮಹಾಯುದ್ಧದಿಂದ ಶ್ರೀಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ಇಲ್ಲೇ ಎಣ್ಣೆ ತೆಗೆಯಬೇಕೆಂದು 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಮಾಡಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಭಟ್ಟಿ ಇಳಿಸುವ ವಿಧಾನಕ್ಕೆ ದುಡಿದರು. ಆದರೆ ಶ್ರೀಗಂಧದ ಮಾತು ಬೇರೆ. ಅದು ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಹೀರುವ ಮರ. ಎಣ್ಣೆ ಇರುವುದು ಹತ್ತಾರು ವರ್ಷ ಬಲಿತ ಚೇಗಿನಲ್ಲಿ. ಕಾಡಿನ ಗಂಧದ ಮರಕ್ಕೆ ಯಾರೂ ಚೀಲ ಬಿಚ್ಚಿ ಗೊಬ್ಬರ ಹಾಕಿದವರಿಲ್ಲ. ದವನ, ಪಚ್ಚೆತೆನೆ, ಮಜ್ಜಿಗೆ ಹುಲ್ಲು, ಪುದೀನ ಮುಂತಾದವು ಕೆಲವೇ ತಿಂಗಳಲ್ಲಿ ಕೊಯ್ಲಿಗೆ ಬರುವಂಥವು. ಇಲ್ಲಿ ಗೊಬ್ಬರದ ಪ್ರಶ್ನೆ ತಾನೇ ತಾನಾಗಿ ಬರುತ್ತದೆ.

1951ರಲ್ಲಿ ಕೇರಳದ ಓಡಕ್ಕಾಲಿಯಲ್ಲಿ ಮಜ್ಜಿಗೆ ಹುಲ್ಲಿನ ಸಂಶೋಧನಾ ಕೇಂದ್ರ ಆರಂಭವಾಯಿತು. 1959ರಲ್ಲಿ ಔಷಧಿ ಮತ್ತು ಸುಗಂಧ ಸಸ್ಯಗಳಿಗಾಗಿಯೇ ಕೇಂದ್ರ ಸಂಸ್ಥೆಯೊಂದು ಸ್ಥಾಪನೆಯಾಯಿತು. ಲಕ್ನೋದಲ್ಲಿರುವ ಅದನ್ನೇ ಈಗ ಸೀಮ್ಯಾಪ್ ಎಂದು ಕರೆಯುತ್ತಾರೆ. ಅದರ ಬೆಂಗಳೂರು ಕೇಂದ್ರ ನಮ್ಮ ಸೀಮೆಯ ದವನದ ಮೇಲೆ ಬೇಕಾದಷ್ಟು ಕೆಲಸ ಮಾಡಿದೆ. ದವನದ ಎಣ್ಣೆಯ ಮುಖ್ಯ ಅಂಶಕ್ಕೆ ‘ದವನೋನ್’ ಎಂದು ಹೆಸರು. 1960ರ ದಶಕದಲ್ಲಿ ವಿದೇಶೀ ವಿಜ್ಞಾನಿಗಳು ಅದರ ರಚನೆ ಬಿಡಿಸಿದರು. ಅತ್ತರು, ತಿಂಡಿತಿನಿಸಿನ ಪರಿಮಳ, ಪಾನೀಯಗಳಿಗೆ ಈ ಎಣ್ಣೆ ಹೊರದೇಶಗಳಿಗೆ ಹೋಗತೊಡಗಿತು. ಇಡೀ ಪ್ರಪಂಚಕ್ಕೆ ದವನದ ಎಣ್ಣೆ ಬಹುಪಾಲು ಹೋಗುವುದು ದಕ್ಷಿಣ ಭಾರತದ ಕೆಂಪು ಮಣ್ಣಿನ ಹೊಲಗಳಿಂದ ಎಂಬುದು ನಮ್ಮ ಹೆಮ್ಮೆ.

ಇದರಿಂದ ಒಂದು ದೊಡ್ಡ ಬದಲಾವಣೆ ಆಯಿತು. ಹೂವಿನ ಮಂಡಿಯಲ್ಲಿ ದವನವನ್ನು ಕಟ್ಟಿನ ಲೆಕ್ಕದಲ್ಲಿ ಕೊಳ್ಳುತ್ತಾರೆ; ಸೊಂಪಾಗಿ, ಹಸಿರಾಗಿ ಕಂಡರೆ ಸಾಕು. ಭಟ್ಟಿಯವರಿಗೆ ಬೇಕಾದ್ದು ಸೊಪ್ಪಲ್ಲ, ಸೊಪ್ಪಿನೊಳಗಿನ ಎಣ್ಣೆ. ಇದು ನಮಗೆ ತಿಳಿಯುವುದಕ್ಕೆ ಮುಂಚೆ ಒಂದು ಪೆಟ್ಟು ತಿನ್ನಬೇಕಾಯಿತು.

ನಾವು ತಿಂದ ಪೆಟ್ಟು

ಸಂಘ ಶುರುವಾದ ಹೊಸತರಲ್ಲಿ ನಮ್ಮ ಕೆಲವು ಸದಸ್ಯರು ದವನವನ್ನು ಪೇಟೆಯ ಒಂದು ಭಟ್ಟಿಗೆ ಹಾಕಲು ಒಪ್ಪಿಕೊಂಡರು. ದರ ಹಸಿ ಸೊಪ್ಪಿನ ತೂಕದ ಮೇಲೆ. ತೂಕ ಬೇಕು ಅಂದ ಮೇಲೆ ಕೇಳಬೇಕೆ? ಒಬ್ಬರನ್ನು ನೋಡಿ ಒಬ್ಬರು ಯೂರಿಯಾ ಎರಚಿದೆವು. ಹತ್ತು ದಿನದಲ್ಲಿ ಹೊಲ ಕಡು ಹಸಿರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಆದರೆ ಹೂವು ಬರಬೇಕಾದ ಹೊತ್ತಿಗೆ ಹೂವಿಲ್ಲ, ಬರೀ ಸೊಪ್ಪು. ಹೇನು ಬಿತ್ತು. ಕೆಲವು ಕಡೆ ಗಿಡ ಮಲಗಿತು. ಎರಡು ಗಾಡಿ ಹೋದ ಮೇಲೆ ಭಟ್ಟಿಯವರು ಹೇಳಿಕಳಿಸಿದರು: “ನಿಮ್ಮ ಸೊಪ್ಪು ಬರೀ ನೀರು ಕುಡಿದಿದೆ ಕಣ್ರಯ್ಯ, ಸೌದೆ ಖರ್ಚೂ ಹುಟ್ಟಲಿಲ್ಲ. ಉಳಿದದ್ದು ಬೇಡ.” ಉಳಿದದ್ದು ಮಂಡಿಗೆ ಹೋಗಿ, ಅಲ್ಲೂ ಬೆಲೆ ಬಿದ್ದು, ಕಡೆಗೆ ತಿಪ್ಪೆಗೆ ಬಿತ್ತು.

ಆ ವರ್ಷದ ಮಹಾಸಭೆ ಮರೆಯುವಂಥದ್ದಲ್ಲ. ಭಟ್ಟಿಯವರು ಮೋಸ ಮಾಡಿದರು ಅಂತ ಅರ್ಧ ಜನ. ಗೊಬ್ಬರ ಮಾರಿದ ಸಂಘದ್ದೇ ತಪ್ಪು ಅಂತ ಇನ್ನರ್ಧ ಜನ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಸದಸ್ಯರೊಬ್ಬರು ಎದ್ದು, “ಅಣ್ಣಗಳಿರಾ, ಗಿಡ ಚೆನ್ನಾಗಿತ್ತು ಅಂತ ಎಲ್ಲರೂ ಹೇಳ್ತಾ ಇದೀರಿ. ಯಾರಾದರೂ ಒಂದು ಎಳೆ ಕಿತ್ತು ಉಜ್ಜಿ ಮೂಸಿ ನೋಡಿದಿರಾ?” ಅಂತ ಕೇಳಿದರು. ಸಭೆ ಸುಮ್ಮನಾಯಿತು. ಯಾರೂ ನೋಡಿರಲಿಲ್ಲ.

ಶಾಸ್ತ್ರ ಏನು ಹೇಳುತ್ತದೆ?

ಆಮೇಲೆ ನಾವು ತಿಳಿದವರನ್ನು ಕೇಳಿ, ಓದಿ, ಹೊಲದಲ್ಲಿ ನೋಡಿ ಅರ್ಥಮಾಡಿಕೊಂಡದ್ದನ್ನು ಸರಳವಾಗಿ ಹೇಳುತ್ತೇವೆ.

ಸುಗಂಧ ತೈಲ ಇರುವುದು ಎಲೆ ಮತ್ತು ಹೂವಿನ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ. ಆ ತೈಲದ ಮುಖ್ಯ ವಸ್ತುಗಳಿಗೆ ಟರ್ಪೀನುಗಳು ಎನ್ನುತ್ತಾರೆ. ಇವುಗಳ ಮೇಲೆ ಕೆಲಸ ಮಾಡಿದ ಜರ್ಮನಿಯ ಆಟೋ ವಾಲಾಖ್‌ಗೆ 1910ರಲ್ಲಿ ನೊಬೆಲ್ ಬಹುಮಾನ ಬಂತು. ಐದೈದು ಇಂಗಾಲದ ಪರಮಾಣುಗಳ ತುಂಡುಗಳನ್ನು ಜೋಡಿಸಿ ಗಿಡ ಇವನ್ನು ಕಟ್ಟುತ್ತದೆ. ದವನೋನ್‌ನಲ್ಲಿ ಅಂಥ ಮೂರು ತುಂಡು, ಅಂದರೆ 15 ಇಂಗಾಲ. ಜೊತೆಗೆ ಜಲಜನಕ, ಆಮ್ಲಜನಕ. ಗಮನಿಸಬೇಕಾದ್ದು, ಇದರಲ್ಲಿ ಸಾರಜನಕ ಇಲ್ಲವೇ ಇಲ್ಲ. ಯೂರಿಯಾದಲ್ಲಿ ಶೇ. 46 ಸಾರಜನಕ, 45 ಕೆ.ಜಿ. ಚೀಲದಲ್ಲಿ ಹತ್ತಿರ ಹತ್ತಿರ 21 ಕೆ.ಜಿ. ಅದರ ಒಂದು ಗುಲಗಂಜಿಯೂ ದವನೋನ್‌ನ ಒಳಗೆ ಹೋಗುವುದಿಲ್ಲ.

ಹಾಗಾದರೆ ಸಾರಜನಕ ಬೇಡವೇ? ಬೇಕು. ಎಲೆ ಬೆಳೆಯಲು, ಹಸಿರು ಕಟ್ಟಲು, ಎಣ್ಣೆ ತಯಾರಿಸುವ ಕಿಣ್ವಗಳಾಗಲು ಸಾರಜನಕವೇ ಆಧಾರ. ಎಲೆಯೇ ಇಲ್ಲದಿದ್ದರೆ ಗ್ರಂಥಿ ಎಲ್ಲಿಂದ ಬರಬೇಕು? ರಂಜಕವೂ ಬೇಕು, ಆ ಐದು ಇಂಗಾಲದ ತುಂಡುಗಳನ್ನು ಗಿಡ ಜೋಡಿಸುವುದು ರಂಜಕದ ಕೈಹಿಡಿದೇ. ಪೊಟ್ಯಾಷ್ ಬೇಕು, ಕಾಂಡ ಗಟ್ಟಿಯಾಗಿ ನಿಲ್ಲಲು, ಎಲೆಯಲ್ಲಿ ತಯಾರಾದ ಸಕ್ಕರೆ ಸಾಗಲು. ಲೀಬಿಗ್‌ನ ನಿಯಮ ಇಲ್ಲಿಯೂ ನಿಲ್ಲುತ್ತದೆ: ಒಂದು ಕೊರತೆಯಾದರೆ ಇನ್ನೊಂದನ್ನು ಎಷ್ಟು ಸುರಿದರೂ ದಂಡ.

ಸಾರಜನಕ ಮಿತಿ ಮೀರಿದಾಗ ಗಿಡ ತನ್ನ ಇಂಗಾಲವನ್ನೆಲ್ಲ ಹೊಸ ಎಲೆ, ಹೊಸ ಕಾಂಡಕ್ಕೆ ಸುರಿಯುತ್ತದೆ. ಎಣ್ಣೆಯಂಥ ರಕ್ಷಣೆಯ ವಸ್ತುವಿಗೆ ಕಡಿಮೆ ಉಳಿಯುತ್ತದೆ. 1983ರಲ್ಲಿ ಬ್ರಯಾಂಟ್ ಮತ್ತು ಅವರ ಜೊತೆಯವರು ಇದನ್ನೇ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಎಲ್ಲ ಗಿಡಕ್ಕೂ ಇದು ಹೊಂದುವುದಿಲ್ಲ, ಅದರಲ್ಲೂ ಟರ್ಪೀನುಗಳ ವಿಷಯದಲ್ಲಿ ಲೆಕ್ಕ ಅಷ್ಟು ನೇರವಲ್ಲ ಎಂದು ಆಮೇಲಿನವರು ತೋರಿಸಿದ್ದಾರೆ. ಆದ್ದರಿಂದ ‘ಯೂರಿಯಾ ಹಾಕಿದರೆ ವಾಸನೆ ಹೋಯ್ತು’ ಎಂಬ ಊರಿನ ಮಾತೂ ಪೂರ್ತಿ ನಿಜವಲ್ಲ. ಬಹಳಷ್ಟು ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: ಮಿತಿಯೊಳಗೆ ಸಾರಜನಕ ಕೊಟ್ಟರೆ ಸೊಪ್ಪು ಹೆಚ್ಚುತ್ತದೆ, ಸೊಪ್ಪಿನಲ್ಲಿ ಎಣ್ಣೆಯ ಪ್ರಮಾಣ ಹಾಗೆಯೇ ಇರಬಹುದು, ಸ್ವಲ್ಪ ಇಳಿಯಲೂಬಹುದು, ಆದರೆ ಎಕರೆಗೆ ಸಿಗುವ ಒಟ್ಟು ಎಣ್ಣೆ ಹೆಚ್ಚುತ್ತದೆ. ಮಿತಿ ದಾಟಿದ ಮೇಲೆ ಸೊಪ್ಪು ಹೆಚ್ಚುವುದು ನಿಧಾನವಾಗಿ, ಎಣ್ಣೆಯ ಪ್ರಮಾಣ ಇಳಿಯುವುದು ಮುಂದುವರಿದು, ಒಟ್ಟು ಎಣ್ಣೆಯೇ ಕಡಿಮೆಯಾಗುತ್ತದೆ.

ಬರೀ ತಿಳಿವಳಿಕೆಗಾಗಿ ಒಂದು ಕಲ್ಪನೆಯ ಲೆಕ್ಕ ಮಾಡೋಣ. ಗೊಬ್ಬರವಿಲ್ಲದ ಒಂದು ತಾಕಿನಲ್ಲಿ 100 ಕೆ.ಜಿ. ಸೊಪ್ಪು, ನೂರಕ್ಕೆ 200 ಗ್ರಾಂ ಎಣ್ಣೆ ಅಂತ ಇಟ್ಟುಕೊಳ್ಳಿ. ಒಟ್ಟು 200 ಗ್ರಾಂ. ಹದವಾಗಿ ಹಾಕಿದಾಗ 140 ಕೆ.ಜಿ. ಸೊಪ್ಪು, ನೂರಕ್ಕೆ 180 ಗ್ರಾಂ; ಒಟ್ಟು 252 ಗ್ರಾಂ, ಲಾಭ. ವಿಪರೀತ ಹಾಕಿದಾಗ 150 ಕೆ.ಜಿ. ಸೊಪ್ಪು, ನೂರಕ್ಕೆ 150 ಗ್ರಾಂ. ಒಟ್ಟು 225 ಗ್ರಾಂ. ಸೊಪ್ಪು ಹತ್ತು ಕೆ.ಜಿ. ಜಾಸ್ತಿ, ಎಣ್ಣೆ 27 ಗ್ರಾಂ ಕಡಿಮೆ. ಕೊಯ್ಯುವ ಕೂಲಿ, ಸಾಗಿಸುವ ಬಾಡಿಗೆ, ಭಟ್ಟಿಯ ಸೌದೆ ಎಲ್ಲವೂ ಮಾತ್ರ 150 ಕೆ.ಜಿ.ಗೇ. ತೂಕದ ಮೇಲೆ ದುಡ್ಡು ಪಡೆಯುವವನಿಗೆ ಮೂರನೆಯ ತಾಕು ಚಂದ. ಎಣ್ಣೆ ಮಾರುವವನಿಗೆ ಎರಡನೆಯದು. ನಮ್ಮೂರಿನ ಜಗಳದ ಗಂಟು ಇರುವುದು ಇಲ್ಲೇ.

ಬೆಳೆಯಿಂದ ಬೆಳೆಗೆ ಈ ಮಿತಿ ಬೇರೆಬೇರೆ. ಮಜ್ಜಿಗೆ ಹುಲ್ಲು ಎಲೆಯ ಬೆಳೆ. ಕೊಯ್ದಷ್ಟೂ ಚಿಗುರಬೇಕು, ಹಾಗಾಗಿ ಪ್ರತಿ ಕೊಯ್ಲಿನ ಮೇಲೂ ಸ್ವಲ್ಪ ಸಾರಜನಕ ಕೇಳುತ್ತದೆ. ಪುದೀನ ಅತಿಯಾಗಿ ದಟ್ಟವಾದರೆ ಕೆಳಗಿನ ಎಲೆಗೆ ಬಿಸಿಲು ಬೀಳದೆ ಉದುರುತ್ತವೆ. ಎಣ್ಣೆ ಇರುವುದು ಎಲೆಯಲ್ಲಿ, ಕಾಂಡದಲ್ಲಿ ಏನೂ ಇಲ್ಲದಷ್ಟು ಕಡಿಮೆ. ಲಾವಂಚದಲ್ಲಿ ಎಣ್ಣೆ ಬೇರಿನದು, ಮೇಲಿನ ಹುಲ್ಲು ನೋಡಿ ಹಿಗ್ಗಿ ಫಲವಿಲ್ಲ. ದವನದಲ್ಲಿ ಎಣ್ಣೆ ಹೆಚ್ಚಾಗಿರುವುದು ಹೂವಿನ ತಲೆಗಳಲ್ಲಿ. ಹೂವು ತುಂಬಿದಾಗ ಕೊಯ್ದು, ನೆರಳಿನಲ್ಲಿ ಬಾಡಿಸಿ ಭಟ್ಟಿಗೆ ಹಾಕಬೇಕು. ಯೂರಿಯಾ ಹೆಚ್ಚಾಗಿ ಹೂವು ತಡವಾದರೆ ಬೆಳೆ ಬೇಸಿಗೆಯ ಬಿಸಿಲಿಗೆ, ಕೆಲವು ವರ್ಷ ಮುಂಗಾರಿಗೆ ಮುಂಚಿನ ಮಳೆಗೂ ಸಿಗುತ್ತದೆ. ನಮಗೆ ಆದದ್ದು ಇದೇ. ಎಣ್ಣೆಯ ಗುಣದ ಮಾತಿಗೆ ಬಂದರೆ, ಅದನ್ನು ತಳಿ, ಕೊಯ್ಲಿನ ಹೊತ್ತು ಮತ್ತು ಭಟ್ಟಿಯ ಕ್ರಮ ನಿರ್ಧರಿಸುವಷ್ಟು ಗೊಬ್ಬರ ನಿರ್ಧರಿಸುವುದಿಲ್ಲ.

ಬೆಲೆಯೂ ಒಂದು ಕಾರಣ

ಯೂರಿಯಾ ಮೇಲೆ ನಾವು ಇಷ್ಟು ಬೀಳಲು ಬರೀ ಅಜ್ಞಾನ ಕಾರಣವಲ್ಲ. ಆಗಸ್ಟ್ 1992ರಲ್ಲಿ ಕೇಂದ್ರ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ಬೆಲೆ ನಿಯಂತ್ರಣದಿಂದ ಬಿಟ್ಟಿತು. ಅವುಗಳ ಬೆಲೆ ಒಮ್ಮೆಲೇ ಏರಿತು. ಯೂರಿಯಾ ನಿಯಂತ್ರಣದಲ್ಲೇ ಉಳಿಯಿತು, ಅದರ ಬೆಲೆ ಶೇ. 10ರಷ್ಟು ಇಳಿಯಿತು. ಬಡ ರೈತ ಯಾವುದನ್ನು ಕೊಳ್ಳಬೇಕು? 2010ರ ಪೋಷಕಾಂಶ ಆಧಾರಿತ ಸಹಾಯಧನದಲ್ಲೂ ಯೂರಿಯಾ ಹೊರಗೇ ಉಳಿಯಿತು. 2015ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯವಾಯಿತು, ಸಾರಜನಕ ನಿಧಾನವಾಗಿ ಬಿಡುಗಡೆಯಾಗಲೆಂದು. ಅದೇ ವರ್ಷ ಮಣ್ಣು ಆರೋಗ್ಯ ಚೀಟಿ ಬಂತು. 2018ರಲ್ಲಿ 50 ಕೆ.ಜಿ. ಚೀಲ 45 ಕೆ.ಜಿ. ಆಯಿತು, ಚೀಲದ ಲೆಕ್ಕದಲ್ಲಿ ಹಾಕುವವರು ಅಷ್ಟಾದರೂ ಕಡಿಮೆ ಹಾಕಲಿ ಎಂಬ ಉದ್ದೇಶ.

ಸಾವಯವದ ಬಗ್ಗೆಯೂ ಎರಡು ಮಾತು. ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ, ಎರೆಗೊಬ್ಬರ ಪೋಷಕಾಂಶವನ್ನು ತಡೆದು ತಡೆದು ಕೊಡುತ್ತವೆ, ಮಣ್ಣಿನ ತೇವ ಹಿಡಿಯುತ್ತವೆ. ಅಜ್ಜಂದಿರ ದವನ ಘಮಘಮ ಅನ್ನುತ್ತಿದ್ದುದಕ್ಕೆ ಇದೂ ಕಾರಣವಿರಬಹುದು. ಆದರೆ ಸಾವಯವ ಅಂದ ಮಾತ್ರಕ್ಕೆ ಎಣ್ಣೆ ಜಾಸ್ತಿ ಬರುತ್ತದೆ ಎಂಬ ಗ್ಯಾರಂಟಿ ಇಲ್ಲ. ಕೊಟ್ಟಿಗೆಯಲ್ಲಿ ದನವೇ ಕಡಿಮೆಯಾಗಿರುವಾಗ ಬರೀ ಅದನ್ನೇ ನಂಬಿ ಎಂದು ಹೇಳುವುದೂ ನ್ಯಾಯವಲ್ಲ. ಕೊಟ್ಟಿಗೆ ಗೊಬ್ಬರವನ್ನು ತಳಪಾಯ ಮಾಡಿಕೊಂಡು, ಮಣ್ಣು ಪರೀಕ್ಷೆ ನೋಡಿ, ರಂಜಕ–ಪೊಟ್ಯಾಷನ್ನು ನಾಟಿಗೆ ಮುಂಚೆ, ಸಾರಜನಕವನ್ನು ಕಂತು ಕಂತಾಗಿ ಕೊಟ್ಟು, ಹೂಮೊಗ್ಗು ಕಾಣುವ ಹೊತ್ತಿಗೆ ಕೈ ಹಿಡಿಯುವುದು. ನಮ್ಮ ಅನುಭವ ಮತ್ತು ತಿಳಿದವರ ಸಲಹೆ ಎರಡೂ ಇಲ್ಲಿ ಒಂದಾಗುತ್ತವೆ.

ಗೊಬ್ಬರ ಮಾರುವ ಸಂಘದ ಧರ್ಮ

ಕಡೆಯದಾಗಿ ಒಂದು ಕಷ್ಟದ ಮಾತು. ನಮ್ಮ ಸಂಘದ ಆದಾಯದಲ್ಲಿ ಗೊಬ್ಬರದ ಕಮಿಷನ್ ಸಣ್ಣದಲ್ಲ. ಚೀಲ ಮಾರಿದರೆ ಸಂಘಕ್ಕೆ ನಾಲ್ಕು ಕಾಸು. ಮಾರದಿದ್ದರೆ ಗುಮಾಸ್ತರ ಸಂಬಳಕ್ಕೂ ತೊಂದರೆ. ಹೀಗಿರುವಾಗ ‘ದವನಕ್ಕೆ ಯೂರಿಯಾ ಕಡಿಮೆ ಹಾಕಿ’ ಎಂದು ಸಂಘದವರೇ ಹೇಳಬೇಕೆ ಎಂದು ಆಡಳಿತ ಮಂಡಳಿಯಲ್ಲಿ ಬಿಸಿ ಚರ್ಚೆ ನಡೆಯಿತು. ಅಂಗಡಿಯವನಾದರೆ ಹೇಳದೆ ಇರಬಹುದು. ಆದರೆ ಸಂಘ ಅಂಗಡಿ ಅಲ್ಲವಲ್ಲ. ಕೊಳ್ಳುವವನೂ ನಾವೇ, ಮಾರುವವನೂ ನಾವೇ. ಸದಸ್ಯನ ಹೊಲ ಹಾಳಾಗಿ ಸಂಘದ ಪೆಟ್ಟಿಗೆ ತುಂಬಿದರೆ ಅದು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ, ನಡುವೆ ಒಂದಷ್ಟು ಸೋರಿಯೂ ಹೋಗುತ್ತದೆ. ಕಡೆಗೆ ಎರಡು ತೀರ್ಮಾನ ಆಯಿತು. ದವನ ಬೆಳೆಯುವ ಸದಸ್ಯರಿಗೆ ಮಣ್ಣಿನ ಚೀಟಿ ನೋಡಿಯೇ ಗೊಬ್ಬರ ಕೊಡುವುದು. ಭಟ್ಟಿಯವರ ಜೊತೆ ತೂಕದ ಮೇಲಲ್ಲ, ಇಳಿದ ಎಣ್ಣೆಯ ಮೇಲೆ ದರ ಮಾತಾಡುವುದು, ಭಟ್ಟಿ ಇಳಿಸುವಾಗ ನಮ್ಮ ಕಡೆಯವರೊಬ್ಬರು ಹತ್ತಿರ ನಿಂತಿರುವುದು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚೀಟಿ ತೋರಿಸಿ ಅಂದರೆ ಈಗಲೂ ಸಿಟ್ಟಾಗುವವರಿದ್ದಾರೆ, ಪೇಟೆಯಿಂದ ಚೀಲ ತಂದು ರಾತ್ರಿ ಎರಚುವವರೂ ಇದ್ದಾರೆ. ಆದರೆ ಒಂದು ರೂಢಿ ಮಾತ್ರ ಬೇರೂರಿದೆ. ಕೊಯ್ಲಿಗೆ ಮುಂಚೆ ದವನದ ಹೊಲಕ್ಕೆ ಹೋದವರು ಈಗ ಬದುವಿನ ಮೇಲೆ ನಿಂತು ಹಸಿರು ನೋಡಿ ಹೊಗಳಿ ಬರುವುದಿಲ್ಲ. ಒಳಗೆ ಇಳಿದು ಒಂದು ಎಳೆ ಕಿತ್ತು, ಅಂಗೈಯಲ್ಲಿ ಉಜ್ಜಿ ಮೂಸುತ್ತಾರೆ. ಆ ಮಾತು ಹೇಳಿಕೊಟ್ಟ ಹಿರಿಯರು ಇಂದು ನಮ್ಮೊಂದಿಗಿಲ್ಲ. ರಜತ ಮಹೋತ್ಸವದ ಈ ಹೊತ್ತಿನಲ್ಲಿ ಅವರನ್ನು ನೆನೆದು, ಸದಸ್ಯ ಬಂಧುಗಳೆಲ್ಲರ ಹೊಲದಲ್ಲಿ ಹಸಿರಿನ ಜೊತೆ ಘಮವೂ ತುಂಬಿರಲಿ ಎಂದು ಹಾರೈಸುತ್ತೇವೆ.